ಸ್ಯಾಕ್ಸೋಫೋನ್ ಕಲಿಕೆ: ಹಾಡಿಗೆ ಮೊದಲು ನಾದ

ಬೆಂಗಳೂರಿನ ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿಟಿಎಂ ಲೇಔಟ್ ಸುತ್ತಮುತ್ತ ಮಕ್ಕಳನ್ನು ಸಂಗೀತ ಪಾಠಕ್ಕೆ ಕಳಿಸುವ ರೂಢಿ ಹಳೆಯದು. ಹಾಡುಗಾರಿಕೆ, ವೀಣೆ, ಪಿಟೀಲು, ಕೀಬೋರ್ಡ್‌ಗಳ ಸಾಲಿನಲ್ಲಿ ಈಗ ಸ್ಯಾಕ್ಸೋಫೋನ್ ಬೇಕೆನ್ನುವ ಮಕ್ಕಳೂ ಇದ್ದಾರೆ. ಸೇರಿಸುವುದು ಸುಲಭ, ಮುಂದುವರಿಸುವುದೇ ಕಷ್ಟ. ಮೂರು ತಿಂಗಳಲ್ಲಿ ಒಂದು ಸಿನಿಮಾ ಹಾಡಿನ ಪಲ್ಲವಿ ಬರುತ್ತದೆ, ಮನೆಯವರಿಗೆ ಸಂತೋಷವಾಗುತ್ತದೆ. ವರ್ಷದ ಹೊತ್ತಿಗೆ ಹಾಡುಗಳ ಪಟ್ಟಿ ಉದ್ದವಾಗಿರುತ್ತದೆ. ನಾದ ಮಾತ್ರ ಮೊದಲ ತಿಂಗಳಿನಷ್ಟೇ ಒರಟು. ಮೇಲಿನ ಸ್ವರಗಳು ಕಿರುಚುತ್ತವೆ, ಕೆಳಗಿನವು ಹೊರಡುವುದೇ ಇಲ್ಲ. ಮಗುವಿನ ಕಿವಿಗೂ ಇದು ತಿಳಿಯುತ್ತದೆ. ಅಷ್ಟರಲ್ಲಿ ಶಾಲೆಯ ಓದು ಹೆಚ್ಚಾಗಿ ವಾದ್ಯ ಪೆಟ್ಟಿಗೆ ಸೇರುತ್ತದೆ. ‘ಆಸಕ್ತಿ ಹೋಯಿತು’ ಎಂದು ಹಿರಿಯರು ತೀರ್ಮಾನಿಸುತ್ತಾರೆ. ಆದರೆ ಹೆಚ್ಚಿನ ಸಂದರ್ಭಗಳಲ್ಲಿ ಕೆಟ್ಟಿರುವುದು ಕಲಿಸಿದ ಕ್ರಮ. ಬೆರಳಿಗಿಂತ ಮೊದಲು ಉಸಿರು, ಹಾಡಿಗಿಂತ ಮೊದಲು ನಾದ, ವಾದ್ಯಕ್ಕಿಂತ ಮೊದಲು ಕಂಠ: ಈ ಕ್ರಮ ಹಿಡಿದರೆ ಸ್ಯಾಕ್ಸೋಫೋನ್ ಕಲಿಕೆ ಉಳಿಯುತ್ತದೆ, ಅದರಿಂದ ಸಿಗಬೇಕಾದ ಸಂಗೀತ ಶಿಕ್ಷಣವೂ ಸಿಗುತ್ತದೆ. ಇದು ಯಾಕೆ, ಮನೆಯಲ್ಲಿ ಹೇಗೆ ಎಂಬುದನ್ನು ಈ ಲೇಖನ ಹೇಳುತ್ತದೆ.

ಬೆಲ್ಜಿಯಂನಲ್ಲಿ ಹುಟ್ಟಿದ ಅಡಾಲ್ಫ್ ಸ್ಯಾಕ್ಸ್ ಪ್ಯಾರಿಸ್‌ನಲ್ಲಿ 1846ರಲ್ಲಿ ಪೇಟೆಂಟ್ ಪಡೆದ ವಾದ್ಯ ಇದು. ಇದನ್ನು ಕರ್ನಾಟಕ ಸಂಗೀತದ ಕಛೇರಿ ವೇದಿಕೆಗೆ ತಂದು ನಿಲ್ಲಿಸಿದವರು ನಮ್ಮವರೇ ಆದ ಕದ್ರಿ ಗೋಪಾಲನಾಥ್. ಬಂಟ್ವಾಳ ತಾಲ್ಲೂಕಿನ ನಾಗಸ್ವರದ ಮನೆಯೊಂದರಲ್ಲಿ 1949ರಲ್ಲಿ ಹುಟ್ಟಿದ ಅವರು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿ ಅದಕ್ಕೆ ಮನಸೋತರು. ಮಂಗಳೂರಿನ ಕಲಾನಿಕೇತನದಲ್ಲಿ ಎನ್. ಗೋಪಾಲಕೃಷ್ಣ ಅಯ್ಯರ್ ಅವರಲ್ಲಿ, ಬಳಿಕ ಚೆನ್ನೈಯಲ್ಲಿ ಟಿ.ವಿ. ಗೋಪಾಲಕೃಷ್ಣನ್ ಅವರಲ್ಲಿ ಕಲಿತರು. 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್ ಉತ್ಸವದಲ್ಲಿ ನುಡಿಸಿದರು, 2004ರಲ್ಲಿ ಪದ್ಮಶ್ರೀ ಪಡೆದರು, 2019ರಲ್ಲಿ ತೀರಿಕೊಂಡರು. ಕಲಿಸುವವರೂ ಕಲಿಯುವವರೂ ಇದರಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ಟಿ.ವಿ. ಗೋಪಾಲಕೃಷ್ಣನ್ ಗಾಯಕರು, ಮೃದಂಗ ವಿದ್ವಾಂಸರು. ಸ್ಯಾಕ್ಸೋಫೋನಿನ ಚಕ್ರವರ್ತಿ ಎನಿಸಿಕೊಂಡವರು ತಮ್ಮ ಸಂಗೀತವನ್ನು ತಿದ್ದಿಕೊಂಡದ್ದು ಕಂಠ ಮತ್ತು ಲಯ ಬಲ್ಲ ಗುರುವಿನ ಬಳಿ.

ಈ ಕ್ರಮ ಯಾಕೆ?

ಸ್ಯಾಕ್ಸೋಫೋನಿನ ಕೊಳವೆ ಬಾಯಿಯ ಕಡೆ ಕಿರಿದಾಗಿ ಶುರುವಾಗಿ ಕೊನೆಯವರೆಗೂ ಅಗಲವಾಗುತ್ತ ಹೋಗುತ್ತದೆ. ಈ ಆಕಾರದಿಂದಾಗಿ ಮಧ್ಯ ಸ್ಥಾಯಿಯ ಬೆರಳುಗಳೇ ಬಹುಮಟ್ಟಿಗೆ ತಾರ ಸ್ಥಾಯಿಗೂ ಸಾಕಾಗುತ್ತವೆ. ಎಡ ಹೆಬ್ಬೆರಳಿನಿಂದ ಆಕ್ಟೇವ್ ಕೀ ಒತ್ತಿದರೆ ಅದೇ ಸ್ವರ ಮೇಲಿನ ಸ್ಥಾಯಿಯಲ್ಲಿ ಹೊರಡುತ್ತದೆ. ಕ್ಲಾರಿನೆಟ್‌ನಲ್ಲಿ ಈ ಅನುಕೂಲ ಇಲ್ಲ. ಹಾಗಾಗಿ ಸ್ಯಾಕ್ಸೋಫೋನಿನ ಬೆರಳುಗಾರಿಕೆ ಕೆಲವೇ ವಾರಗಳಲ್ಲಿ ಬಂದುಬಿಡುತ್ತದೆ. ಹಾಡು ಬೇಗ ಬರುವುದು ಇದರಿಂದಲೇ, ಕಲಿಕೆ ಬೇಗ ನಿಂತುಹೋಗುವುದೂ ಇದರಿಂದಲೇ. ಯಾಕೆಂದರೆ ಇಲ್ಲಿ ಸ್ವರದ ಎತ್ತರವನ್ನು ಬೆರಳು ಪೂರ್ತಿಯಾಗಿ ನಿರ್ಧರಿಸುವುದಿಲ್ಲ. ಹಾರ್ಮೋನಿಯಂನಲ್ಲಿ ಮನೆ ಒತ್ತಿದರೆ ಸ್ವರ ಸ್ಥಿರ; ಸ್ಯಾಕ್ಸೋಫೋನಿನಲ್ಲಿ ಬೆರಳು ಕದಲಿಸದೆ ತುಟಿ, ದವಡೆ, ಗಂಟಲುಗಳ ಹಿಡಿತ ಬದಲಿಸಿದರೇ ಸ್ವರ ಏರಿಳಿಯುತ್ತದೆ. ಕೊಳಲಿನವರು ರಂಧ್ರವನ್ನು ಅರ್ಧ ಮುಚ್ಚಿ ಗಮಕ ತರುತ್ತಾರೆ. ಸ್ಯಾಕ್ಸೋಫೋನಿನ ರಂಧ್ರಗಳ ಮೇಲೆ ಪ್ಯಾಡ್ ಇರುವ ಮುಚ್ಚಳಗಳಿರುವುದರಿಂದ ಬೆರಳು ರಂಧ್ರವನ್ನು ನೇರವಾಗಿ ಮುಟ್ಟುವುದೇ ಇಲ್ಲ. ಕದ್ರಿಯವರು ತಮ್ಮ ವಾದ್ಯದ ಕೀಗಳಲ್ಲಿ ಮಾರ್ಪಾಡು ಮಾಡಿಕೊಂಡಿದ್ದಕ್ಕೂ, ಉಸಿರು ಮತ್ತು ತುಟಿಯ ಮೇಲೆ ಅಷ್ಟೊಂದು ಕೆಲಸ ಮಾಡಿದ್ದಕ್ಕೂ ಇದೇ ಕಾರಣ. ಒಂದು ಸ್ವರವನ್ನು ನೆಟ್ಟಗೆ ಹಿಡಿಯಲಾಗದವರಿಗೆ ಅದನ್ನು ಬೇಕೆಂದಂತೆ ಬಾಗಿಸಲೂ ಆಗುವುದಿಲ್ಲ. ನಾದವೇ ಮೊದಲ ಪಾಠವಾಗಬೇಕು ಎನ್ನುವುದಕ್ಕೆ ವಾದ್ಯದ ರಚನೆಯೇ ಆಧಾರ.

ಹಂತ ಹಂತವಾಗಿ

1. ವಯಸ್ಸು ನೋಡಿ ವಾದ್ಯ ಆರಿಸಿ. ಮೇಲಿನ ಮುಂಬಲ್ಲುಗಳು ಮೌತ್‌ಪೀಸ್ ಮೇಲೆ ಊರಬೇಕಾದ್ದರಿಂದ ಹಾಲುಹಲ್ಲು ಬಿದ್ದು ಶಾಶ್ವತ ಹಲ್ಲು ಗಟ್ಟಿಯಾಗಿರಬೇಕು. ಆಲ್ಟೊ ಸ್ಯಾಕ್ಸೋಫೋನ್ ಸುಮಾರು ಎರಡೂವರೆ ಕಿಲೊ ತೂಗುತ್ತದೆ. ಆ ಭಾರ ಕುತ್ತಿಗೆ ಪಟ್ಟಿಯ ಮೇಲೆ ಬೀಳುವುದರಿಂದ ಒಂಬತ್ತು, ಹತ್ತು ವರ್ಷದ ಮೇಲೆ ಶುರು ಮಾಡುವುದು ಒಳ್ಳೆಯದು. ಭುಜಗಳಿಗೆ ಹಾಕುವ ಪಟ್ಟಿ ಮಕ್ಕಳಿಗೆ ಇನ್ನೂ ಹಿತ. ಅದಕ್ಕಿಂತ ಚಿಕ್ಕವರು ಹಾಡುಗಾರಿಕೆ ಕಲಿಯಲಿ, ಆ ಸಮಯ ಖಂಡಿತ ವ್ಯರ್ಥವಾಗುವುದಿಲ್ಲ. ಚಿಕ್ಕದಾಗಿ ಕಾಣುತ್ತದೆ ಎಂದು ಸೊಪ್ರಾನೊ ಕೊಡಿಸಬೇಡಿ, ಅದರಲ್ಲಿ ಶ್ರುತಿ ಹಿಡಿಯುವುದು ಹೆಚ್ಚು ಕಷ್ಟ. ಸೆಕೆಂಡ್ ಹ್ಯಾಂಡ್ ಕೊಳ್ಳುವುದಾದರೆ ಮೇಷ್ಟ್ರನ್ನು ಜೊತೆಗೆ ಕರೆದೊಯ್ಯಿರಿ. ಅತಿ ಕೆಳಗಿನ ಸ್ವರಗಳನ್ನು ಮೆಲ್ಲಗೆ ನುಡಿಸಿದಾಗ ಹೊರಡದಿದ್ದರೆ ಎಲ್ಲೋ ಪ್ಯಾಡ್ ಸರಿಯಾಗಿ ಮುಚ್ಚದೆ ಗಾಳಿ ಸೋರುತ್ತಿದೆ ಎಂದರ್ಥ. ಸೋರುವ ವಾದ್ಯದಲ್ಲಿ ಕಲಿಯುವ ಮಗು ತಪ್ಪು ತನ್ನದೇ ಎಂದುಕೊಂಡು ಇಲ್ಲದ ಬಲ ಹಾಕುತ್ತದೆ, ಆ ಅಭ್ಯಾಸ ಆಮೇಲೆ ಬಿಡಿಸಲು ಬಾರದು.

2. ರೀಡ್ ಮೆದುವಾಗಿರಲಿ. ಮೌತ್‌ಪೀಸ್‌ಗೆ ಬಿಗಿಯುವ, ಊದಿದಾಗ ಕಂಪಿಸುವ ತೆಳು ಪಟ್ಟಿಯೇ ರೀಡ್. ರೀಡ್‌ಗಳ ಮೇಲೆ ಅವುಗಳ ಬಿಗಿಯನ್ನು ತೋರಿಸುವ ಸಂಖ್ಯೆ ಇರುತ್ತದೆ. ಆರಂಭಕ್ಕೆ ಒಂದೂವರೆ ಅಥವಾ ಎರಡು ಸಾಕು. ಗಟ್ಟಿ ರೀಡ್ ಎಂದರೆ ಮೇಲಿನ ದರ್ಜೆ ಎಂಬ ಕಲ್ಪನೆ ತಪ್ಪು. ತುಟಿಯ ಸ್ನಾಯು ಬಲಿಯುವ ಮೊದಲು ಗಟ್ಟಿ ರೀಡ್ ಕೊಟ್ಟರೆ ಮಗು ಕಚ್ಚಲು ಕಲಿಯುತ್ತದೆ. ಮೂರು ರೀಡ್ ಇಟ್ಟುಕೊಂಡು ದಿನಕ್ಕೊಂದರಂತೆ ಬಳಸಿ. ನುಡಿಸಿದ ಮೇಲೆ ಬಿಚ್ಚಿ, ಒರೆಸಿ, ಅದರ ಪೆಟ್ಟಿಗೆಯಲ್ಲಿ ಮಟ್ಟಸವಾಗಿ ಒಣಗಲು ಬಿಟ್ಟರೆ ಸೊಟ್ಟಗಾಗುವುದಿಲ್ಲ, ಬೂಷ್ಟೂ ಹಿಡಿಯುವುದಿಲ್ಲ.

3. ಮೊದಲ ವಾರ ಮೌತ್‌ಪೀಸ್ ಒಂದೇ. ಕೆಳತುಟಿಯನ್ನು ಕೆಳಹಲ್ಲಿನ ಮೇಲೆ ತುಸು ಮಡಚಿ, ಮೇಲಿನ ಹಲ್ಲನ್ನು ಮೌತ್‌ಪೀಸ್ ಮೇಲೆ ಹಗುರವಾಗಿ ಊರಿ, ಬಾಯಿಯ ಅಂಚುಗಳನ್ನು ಒಳಕ್ಕೆ ತಂದು ಊದಬೇಕು. ಆಲ್ಟೊ ಮೌತ್‌ಪೀಸ್ ಒಂದನ್ನೇ ಸರಿಯಾಗಿ ಊದಿದರೆ ಪಾಶ್ಚಾತ್ಯ ಲೆಕ್ಕದ ‘ಎ’ ಸ್ವರದ ಆಸುಪಾಸು, ಅಂದರೆ ಸುಮಾರು 880 ಹರ್ಟ್ಜ್ ಕೇಳುತ್ತದೆ. ಮೊಬೈಲಿನ ಉಚಿತ ಟ್ಯೂನರ್ ಆ್ಯಪ್‌ನಲ್ಲಿ ಇದನ್ನು ನೀವೇ ನೋಡಬಹುದು. ತುಂಬಾ ಮೇಲೆ ಹೋದರೆ ಮಗು ಕಚ್ಚುತ್ತಿದೆ; ತುಂಬಾ ಕೆಳಗಿದ್ದರೆ ಹಿಡಿತ ಸಡಿಲ ಅಥವಾ ಉಸಿರು ಸಾಲದು. ಸಂಗೀತ ಬಾರದ ತಂದೆತಾಯಿಯೂ ಮನೆಯಲ್ಲಿ ನೆರವಾಗಬಹುದಾದ ಪರೀಕ್ಷೆ ಇದು.

4. ಮೂರು ಸ್ವರ, ಉದ್ದ ಉಸಿರು. ಕೆಳಗಿನ ‘ಸಿ’ಯಿಂದ ಶುರು ಮಾಡಿಸಿದರೆ ಹೆಚ್ಚುಕಡಿಮೆ ಎಲ್ಲ ಬೆರಳೂ ಒತ್ತಬೇಕು, ಒಂದು ಜಾರಿದರೂ ಸ್ವರ ಒಡೆಯುತ್ತದೆ. ಎಡಗೈಯ ಮೂರು ಬೆರಳಲ್ಲೇ ಬರುವ ‘ಬಿ’, ‘ಎ’, ‘ಜಿ’ ಮೊದಲಾಗಲಿ. ತಂಬೂರದ ಆ್ಯಪ್ ಅಥವಾ ಶ್ರುತಿಪೆಟ್ಟಿಗೆ ಹಾಕಿಕೊಂಡು ಒಂದೊಂದು ಸ್ವರವನ್ನು ನಾಲ್ಕು ಎಣಿಕೆ, ಕ್ರಮೇಣ ಎಂಟು, ಹನ್ನೆರಡು ಎಣಿಕೆಯವರೆಗೆ ಅಲುಗದಂತೆ ಹಿಡಿಯಬೇಕು. ಆಲ್ಟೊದಲ್ಲಿ ‘ಸಿ’ ನುಡಿಸಿದರೆ ಕೇಳುವುದು ಪಿಯಾನೊದ ‘ಇ ಫ್ಲ್ಯಾಟ್’, ಅಂದರೆ ನಮ್ಮ ಎರಡೂವರೆ ಮನೆ ಶ್ರುತಿ ಎಂಬುದನ್ನು ಶ್ರುತಿ ಹೊಂದಿಸುವಾಗ ಮರೆಯಬಾರದು. ಡಿಸೆಂಬರಿನ ಬೆಳಗಿನ ಚಳಿಯಲ್ಲಿ ವಾದ್ಯದ ಶ್ರುತಿ ಇಳಿದಿರುತ್ತದೆ. ಕೆಲವು ನಿಮಿಷ ಊದಿ ಬೆಚ್ಚಗಾದ ಮೇಲೆ ಹೊಂದಿಸಿ.

5. ಮೊದಲು ಹಾಡಿ, ಆಮೇಲೆ ನುಡಿಸಿ. ಪುರಂದರದಾಸರ ಹೆಸರಿನೊಂದಿಗೆ ಬಂದಿರುವ ಸರಳೆ ವರಸೆ, ಜಂಟಿ ವರಸೆ, ಅಲಂಕಾರಗಳ ಕ್ರಮ ಈ ವಾದ್ಯಕ್ಕೂ ಹೊಂದುತ್ತದೆ. ಆದರೆ ಒಂದು ತೊಡಕಿದೆ. ಹಾಡುವವರು ಕೈಯಲ್ಲಿ ತಾಳ ಹಾಕುತ್ತಾರೆ. ಇಲ್ಲಿ ಎರಡು ಕೈಯೂ ವಾದ್ಯದ ಮೇಲಿರುತ್ತವೆ. ಆದ್ದರಿಂದ ಪ್ರತಿ ವರಸೆಯನ್ನೂ ಬಾಯಲ್ಲಿ ಹಾಡಿ, ಕೈಯಲ್ಲಿ ಆದಿತಾಳ ಹಾಕಿ, ಎರಡು ಕಾಲದಲ್ಲಿ ಬಂದ ಮೇಲೆಯೇ ವಾದ್ಯಕ್ಕೆ ತರಬೇಕು. ಪಾಶ್ಚಾತ್ಯ ಕ್ರಮದಲ್ಲಿ ಕಲಿಯುವವರೂ ಸಾಲನ್ನು ಮೊದಲು ಗುನುಗಿ, ಮೆಟ್ರೊನೋಮ್‌ಗೆ ಚಪ್ಪಾಳೆ ತಟ್ಟಲಿ. ಹಾಡಲು ಬಾರದ ಸ್ವರ ನುಡಿಸಲೂ ಬಾರದು. ಕಿವಿಯಲ್ಲಿ ಇಲ್ಲದ್ದನ್ನು ತುಟಿ ಹುಡುಕಿಕೊಳ್ಳಲಾರದು.

6. ದಿನಕ್ಕೆ ಅರ್ಧ ಗಂಟೆ, ತಪ್ಪದೆ. ಹತ್ತು ನಿಮಿಷ ಉದ್ದ ಸ್ವರ, ಹತ್ತು ನಿಮಿಷ ವರಸೆ, ಹತ್ತು ನಿಮಿಷ ಮಗುವಿಗೆ ಇಷ್ಟವಾದ ಹಾಡು. ಭಾನುವಾರ ಒಟ್ಟಿಗೆ ಮೂರು ಗಂಟೆ ಕೂರಿಸಿ ಸರಿದೂಗಿಸಲು ಬಾರದು. ಬಾಯಿಯ ಸುತ್ತಲ ಸ್ನಾಯು ಬೇಗ ದಣಿಯುತ್ತದೆ, ದಣಿದ ಮೇಲೆ ಮಗು ಕಚ್ಚಿಯೇ ಸ್ವರ ಹೊರಡಿಸುತ್ತದೆ, ತಪ್ಪು ಹಿಡಿತವೇ ಅಭ್ಯಾಸವಾಗುತ್ತದೆ. ತುಟಿ ಸೋತಾಗ ನಿಲ್ಲಿಸುವುದೂ ಅಭ್ಯಾಸದ ಭಾಗ.

7. ವಾರಕ್ಕೊಮ್ಮೆ ಕೇಳಲು ಹೋಗಿ. ದಕ್ಷಿಣ ಬೆಂಗಳೂರಿನವರಿಗೆ ಈ ವಿಷಯದಲ್ಲಿ ಬಡತನವಿಲ್ಲ. ಕೆ.ಆರ್. ರಸ್ತೆಯಲ್ಲಿ 1905ರಲ್ಲಿ ಸ್ಥಾಪನೆಯಾದ ಬೆಂಗಳೂರು ಗಾಯನ ಸಮಾಜವಿದೆ, ಜಯನಗರ 8ನೇ ಬ್ಲಾಕಿನಲ್ಲಿ ಜಯರಾಮ ಸೇವಾ ಮಂಡಳಿ ಇದೆ, ಬೇಸಿಗೆಯಲ್ಲಿ ಚಾಮರಾಜಪೇಟೆಯ ಕೋಟೆ ಪ್ರೌಢಶಾಲೆ ಆವರಣದ ರಾಮನವಮಿ ಸಂಗೀತೋತ್ಸವವಿದೆ. ಜೆ.ಪಿ. ನಗರ 7ನೇ ಹಂತದಲ್ಲಿ 2019ರಲ್ಲಿ ಸಾರ್ವಜನಿಕರಿಗೆ ತೆರೆದ ಇಂಡಿಯನ್ ಮ್ಯೂಸಿಕ್ ಎಕ್ಸ್‌ಪೀರಿಯೆನ್ಸ್ ಸಂಗ್ರಹಾಲಯದಲ್ಲಿ ಮಕ್ಕಳು ಶಬ್ದವನ್ನು ಮುಟ್ಟಿ, ತಟ್ಟಿ ತಿಳಿಯಬಹುದು. ಸ್ಯಾಕ್ಸೋಫೋನ್ ಕಛೇರಿಗೇ ಕಾಯಬೇಕಿಲ್ಲ. ನಾಗಸ್ವರ, ಕೊಳಲು, ಹಾಡುಗಾರಿಕೆ ಎಲ್ಲವೂ ಈ ವಾದ್ಯಕ್ಕೆ ಪಾಠವೇ.

ಮೇಷ್ಟ್ರನ್ನು ಆರಿಸುವಾಗ

ಚೆನ್ನಾಗಿ ನುಡಿಸುವವರೆಲ್ಲ ಚೆನ್ನಾಗಿ ಕಲಿಸುತ್ತಾರೆ ಎನ್ನಲಾಗದು. ಸೇರಿಸುವ ಮೊದಲು ಒಂದು ಪಾಠವನ್ನು ಕೂತು ನೋಡಲು ಅನುಮತಿ ಕೇಳಿ. ಆರು ತಿಂಗಳಿನಿಂದ ಕಲಿಯುತ್ತಿರುವ ಶಿಷ್ಯರ ನಾದ ಹೇಗಿದೆ ಎಂದು ಗಮನಿಸಿ. ಅವರು ಎಷ್ಟು ಹಾಡು ನುಡಿಸುತ್ತಾರೆ ಎಂಬುದು ಎರಡನೆಯ ಮಾತು. ಮೇಷ್ಟ್ರು ಮಗುವಿನ ಬಾಯಿ, ಭುಜ, ಹೊಟ್ಟೆಯ ಕಡೆ ನೋಡುತ್ತಾರೋ, ಬರೀ ಬೆರಳು ತಿದ್ದುತ್ತಾರೋ? ತಾವು ಹಾಡಿ ತೋರಿಸುತ್ತಾರೋ? ಹತ್ತು ಮಕ್ಕಳು ಒಟ್ಟಿಗೆ ಊದುವ ತರಗತಿಯಲ್ಲಿ ಒಂದು ಮಗುವಿನ ಶ್ರುತಿ ಯಾರಿಗೂ ಕೇಳದು, ಆದ್ದರಿಂದ ಮೊದಲ ವರ್ಷ ಒಬ್ಬರಿಗೇ ಅಥವಾ ಇಬ್ಬರಿಗೆ ಪಾಠವಿರಲಿ. ಆನ್‌ಲೈನ್ ಪಾಠ ಮುಂದೆ ಉಪಯೋಗಕ್ಕೆ ಬರುತ್ತದೆ, ಆದರೆ ಆರಂಭಕ್ಕೆ ಸಾಲದು: ಫೋನಿನ ಮೈಕು ನಾದದ ಸೂಕ್ಷ್ಮವನ್ನು ಅಳಿಸಿಬಿಡುತ್ತದೆ, ತುಟಿಯ ಒತ್ತಡ ಪರದೆಯಲ್ಲಿ ಕಾಣುವುದಿಲ್ಲ. ಹೆಣ್ಣುಮಕ್ಕಳಿಗೆ ಈ ವಾದ್ಯ ಆಗದು ಎನ್ನುವವರ ಮಾತಿಗೆ ಕಿವಿಗೊಡಬೇಡಿ. ಎಂ.ಎಸ್. ಲಾವಣ್ಯ ಅವರಂಥ ವಿದುಷಿಯರು ಕಛೇರಿ ವೇದಿಕೆಯಲ್ಲಿ ಅದಕ್ಕೆ ಉತ್ತರ ಕೊಟ್ಟಿದ್ದಾರೆ.

ಎಚ್ಚರಿಕೆಗಳು

ಅಪಾರ್ಟ್‌ಮೆಂಟುಗಳಲ್ಲಿ ಮೊದಲ ಸಮಸ್ಯೆ ಶಬ್ದ. ಸ್ಯಾಕ್ಸೋಫೋನನ್ನು ಪಿಸುಗುಟ್ಟಿಸಲು ಆಗುವುದಿಲ್ಲ, ಹೆದರಿ ಮೆಲ್ಲಗೆ ಊದಿದರೆ ಉಸಿರೇ ಕುಗ್ಗುತ್ತದೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ ಎಂದರೆ 10ರಿಂದ ಬೆಳಗಿನ 6; ವಸತಿ ಪ್ರದೇಶದಲ್ಲಿ ಹಗಲಿಗೆ 55, ರಾತ್ರಿಗೆ 45 ಡೆಸಿಬೆಲ್ ಮಿತಿ. ಸಂಜೆ 5ರಿಂದ 7ರ ನಡುವೆ ಒಂದು ಸಮಯ ಗೊತ್ತುಮಾಡಿ ಅಕ್ಕಪಕ್ಕದವರಿಗೆ ಮೊದಲೇ ತಿಳಿಸಿ. ಎಷ್ಟು ಹೊತ್ತಿಗೆ ಮುಗಿಯುತ್ತದೆ ಎಂದು ಗೊತ್ತಿದ್ದರೆ ಬಹುತೇಕ ಜನ ಸಹಿಸುತ್ತಾರೆ. ಬಟ್ಟೆಯ ಬೀರು, ಹಾಸಿಗೆ, ದಪ್ಪ ಪರದೆ ಇರುವ ಕೋಣೆಯಲ್ಲಿ ನುಡಿಸಲಿ. ವಾದ್ಯದ ಬಾಯಿಗೆ ಬಟ್ಟೆ ತುರುಕುವುದರಿಂದ ಪ್ರಯೋಜನವಿಲ್ಲ: ಹೆಚ್ಚಿನ ಸ್ವರಗಳ ಶಬ್ದ ಹೊರಬರುವುದು ತೆರೆದ ರಂಧ್ರಗಳಿಂದ, ಬಟ್ಟೆ ಕೆಡಿಸುವುದು ಕೆಳಗಿನ ಸ್ವರಗಳ ಶ್ರುತಿಯನ್ನು ಮಾತ್ರ.

ಆರೋಗ್ಯದ ವಿಷಯದಲ್ಲಿ ಮೂರು ಮಾತು. ತಲೆ ಸುತ್ತಿದರೆ ತಕ್ಷಣ ನಿಲ್ಲಿಸಿ ಕೂರಿಸಿ. ಅಸ್ತಮಾ ಇದ್ದರೆ ವೈದ್ಯರನ್ನೂ, ಹಲ್ಲಿಗೆ ತಂತಿ ಹಾಕಿಸಿದ್ದರೆ ದಂತವೈದ್ಯರನ್ನೂ ಕೇಳಿ ಮುಂದುವರಿಯಿರಿ. ಮೌತ್‌ಪೀಸ್ ಮತ್ತು ರೀಡನ್ನು ಇನ್ನೊಬ್ಬರೊಂದಿಗೆ ಹಂಚಿಕೊಳ್ಳಬಾರದು. ಊಟ ತಿಂಡಿಯಾದ ಮೇಲೆ ಬಾಯಿ ಮುಕ್ಕಳಿಸಿಯೇ ಊದಬೇಕು, ಇಲ್ಲದಿದ್ದರೆ ಸಿಹಿ ಪ್ಯಾಡುಗಳಿಗೆ ಅಂಟುತ್ತದೆ. ನುಡಿಸಿದ ಮೇಲೆ ಕೊಳವೆಯೊಳಗೆ ಬಟ್ಟೆ ಎಳೆದು ತೇವ ಒರೆಸಬೇಕು. ಮೌತ್‌ಪೀಸನ್ನು ತಣ್ಣೀರು ಅಥವಾ ಉಗುರುಬೆಚ್ಚಗಿನ ನೀರಲ್ಲಿ ತೊಳೆಯಿರಿ; ಬಿಸಿನೀರು ಅದನ್ನು ಹಾಳುಮಾಡುತ್ತದೆ.

ಸಾಮಾನ್ಯ ತಪ್ಪುಗಳು

• ಕೆನ್ನೆ ಉಬ್ಬಿಸಿ ಊದುವುದು. ಇದರಿಂದ ಬಾಯಿಯ ಅಂಚಿನ ಹಿಡಿತ ಸಡಿಲವಾಗಿ ಶ್ರುತಿ ಅಲುಗುತ್ತದೆ. ಕನ್ನಡಿಯ ಮುಂದೆ ನಿಂತು ನುಡಿಸಿದರೆ ಮಗುವೇ ತಿದ್ದಿಕೊಳ್ಳುತ್ತದೆ.

• ಎದೆಯ ಮೇಲ್ಭಾಗದಿಂದ ಉಸಿರೆಳೆದು ಭುಜ ಎತ್ತುವುದು. ಉಸಿರು ಹೊಟ್ಟೆ ಮತ್ತು ಪಕ್ಕೆಗಳನ್ನು ಹಿಗ್ಗಿಸಬೇಕು.

• ಸದಾ ಕರೋಕೆ ಟ್ರ್ಯಾಕ್ ಹಾಕಿ ನುಡಿಸುವುದು. ತುಂಬಿದ ಹಿನ್ನೆಲೆ ಸಂಗೀತದಲ್ಲಿ ಅಪಶ್ರುತಿ ಮುಚ್ಚಿಹೋಗುತ್ತದೆ, ತಂಬೂರದ ಎದುರು ಅಡಗಲು ಜಾಗವಿಲ್ಲ.

• ಪರೀಕ್ಷೆಗಾಗಿ ಮಾತ್ರ ಕಲಿಯುವುದು. ರಾಜ್ಯದ ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆಗಳಿರಲಿ, ಪಾಶ್ಚಾತ್ಯ ಸಂಗೀತದ ಟ್ರಿನಿಟಿ ಅಥವಾ ಎಬಿಆರ್‌ಎಸ್‌ಎಂನ ಎಂಟು ಗ್ರೇಡ್‌ಗಳಿರಲಿ, ಕಲಿತದ್ದನ್ನು ಅಳೆಯಲು ಒಳ್ಳೆಯವು. ವರ್ಷವಿಡೀ ಪರೀಕ್ಷೆಯ ತುಣುಕುಗಳನ್ನೇ ತಿದ್ದುತ್ತ ಕೂತರೆ ಸರ್ಟಿಫಿಕೇಟ್ ಬರುತ್ತದೆ, ಕಿವಿ ಬೆಳೆಯುವುದಿಲ್ಲ.

ಬರುವ ಆಕ್ಷೇಪಗಳು

ಮೊದಲ ಆಕ್ಷೇಪ: ಇಷ್ಟು ದಿನ ಬರೀ ಸ್ವರ ಹಿಡಿಸಿದರೆ ಮಗುವಿಗೆ ಬೇಸರ ಬಂದು ಬಿಟ್ಟುಬಿಡುವುದಿಲ್ಲವೇ? ನ್ಯಾಯವಾದ ಪ್ರಶ್ನೆ. ಹಾಡೇ ಬೇಡ ಎಂದು ಈ ಕ್ರಮ ಹೇಳುವುದಿಲ್ಲ. ಮೂರು ಸ್ವರ ಬಂದ ದಿನವೇ ಆ ಮೂರರಲ್ಲಿ ಕೂರುವ ಪುಟ್ಟ ಧಾಟಿಗಳನ್ನು ಕಟ್ಟಿಕೊಡಬಹುದು, ಮಗುವಿನಿಂದಲೇ ಕಟ್ಟಿಸಲೂಬಹುದು. ಹಾಡು ಮಗುವಿನ ನಾದದ ಅಳವಿನಲ್ಲಿರಬೇಕು ಎಂಬುದಷ್ಟೇ ಇಲ್ಲಿನ ವಾದ. ಅಳವು ಮೀರಿದ ಹಾಡು ಮೊದಲ ತಿಂಗಳು ಹಿಗ್ಗು ತರುತ್ತದೆ, ಹತ್ತನೇ ತಿಂಗಳು ಸೋಲಿನ ಭಾವ ತರುತ್ತದೆ. ತನ್ನ ನಾದ ಹೋದ ವಾರಕ್ಕಿಂತ ದುಂಡಗಾಗಿದೆ ಎಂದು ಕೇಳಿಸಿಕೊಳ್ಳಬಲ್ಲ ಮಗುವಿಗೆ ಬೇಸರ ಬರುವುದು ಕಡಿಮೆ.

ಎರಡನೆಯದು: ಕರ್ನಾಟಕ ಸಂಗೀತವೋ, ಪಾಶ್ಚಾತ್ಯವೋ? ಮಗು ಮನೆಯಲ್ಲಿ ಯಾವುದನ್ನು ಹೆಚ್ಚು ಕೇಳುತ್ತದೋ ಅದರಿಂದ ಶುರು ಮಾಡಿ. ನಾದ, ಉಸಿರು, ಶ್ರುತಿಗಳ ಅಡಿಪಾಯ ಎರಡಕ್ಕೂ ಒಂದೇ. ದಾರಿ ಬೇರೆಯಾಗುವುದು ಗಮಕ, ರಾಗವಿಸ್ತಾರ ಒಂದು ಕಡೆ, ಸ್ವರಲಿಪಿ ಓದುವಿಕೆ, ಸಹವಾದನ ಇನ್ನೊಂದು ಕಡೆ ಬಂದಾಗ. ಮೊದಲ ವರ್ಷ ಎರಡನ್ನೂ ಒಟ್ಟಿಗೆ ಹೇರಬೇಡಿ.

ಮೂರನೆಯದು ಹೆಚ್ಚಿನ ಮನೆಗಳಲ್ಲಿ ನಿಜವಾಗಿ ಕಾಡುವ ಪ್ರಶ್ನೆ: ಇದರಿಂದ ಓದಿಗೆ ಏನು ಲಾಭ? ಸಂಗೀತ ಕಲಿತರೆ ಬುದ್ಧಿ ಚುರುಕಾಗುತ್ತದೆ, ಗಣಿತದಲ್ಲಿ ಅಂಕ ಏರುತ್ತದೆ ಎಂಬ ಜಾಹೀರಾತುಗಳನ್ನು ಹಾಗೇ ನಂಬಬೇಡಿ. 2004ರಲ್ಲಿ ಗ್ಲೆನ್ ಶೆಲೆನ್‌ಬರ್ಗ್ ಆರು ವರ್ಷದ 144 ಮಕ್ಕಳ ಮೇಲೆ ನಡೆಸಿದ ಪ್ರಯೋಗದಲ್ಲಿ ಸಂಗೀತ ಕಲಿತವರ ಐಕ್ಯೂ ಉಳಿದವರಿಗಿಂತ ತುಸು ಹೆಚ್ಚು ಏರಿತ್ತು. ಆದರೆ 2020ರಲ್ಲಿ ಜಿಯೊವಾನಿ ಸಾಲಾ ಮತ್ತು ಫರ್ನಾಂಡ್ ಗೋಬೆ 54 ಅಧ್ಯಯನಗಳನ್ನು, ಸುಮಾರು 7,000 ಮಕ್ಕಳ ಫಲಿತಾಂಶಗಳನ್ನು ಒಟ್ಟುಗೂಡಿಸಿ ನೋಡಿದಾಗ, ಕಟ್ಟುನಿಟ್ಟಾಗಿ ನಡೆದ ಪ್ರಯೋಗಗಳಲ್ಲಿ ಆ ಲಾಭ ಹೆಚ್ಚುಕಡಿಮೆ ಇಲ್ಲವೆನಿಸಿತು. ಅವರ ಲೆಕ್ಕವನ್ನು ಪ್ರಶ್ನಿಸಿದ ಸಂಶೋಧಕರೂ ಕಂಡದ್ದು ಸಣ್ಣ ಲಾಭವನ್ನೇ. ಅಂಕಕ್ಕಾಗಿ ಸಂಗೀತ ಎನ್ನುವವರು ಅಂಕ ಏರದಿದ್ದಾಗ ಪಾಠ ನಿಲ್ಲಿಸುತ್ತಾರೆ. ದುರ್ಬಲ ಕಾರಣ ಕೊಟ್ಟರೆ ಸಂಗೀತ ಶಿಕ್ಷಣಕ್ಕೇ ನಷ್ಟ.

ಸಂಗೀತ ಕಲಿಕೆ ಖಚಿತವಾಗಿ ಕೊಡುವುದು ಸಂಗೀತವನ್ನೇ, ಅದು ಸಣ್ಣದಲ್ಲ. ತನ್ನಿಂದ ಹೊರಟ ಶಬ್ದವನ್ನು ತಾನೇ ನಿಷ್ಪಕ್ಷಪಾತವಾಗಿ ಕೇಳಿಸಿಕೊಂಡು ತಿದ್ದಿಕೊಳ್ಳುವ ಗುಣವನ್ನು ಮಗು ಈ ಅರ್ಧ ಗಂಟೆಯಲ್ಲಿ ಅಭ್ಯಾಸ ಮಾಡುತ್ತದೆ. ನೂರಾರು ವರ್ಷಗಳಿಂದ ಕೈಯಿಂದ ಕೈಗೆ ಬಂದ ಕೃತಿಗಳನ್ನು ಹೊರಗೆ ನಿಂತು ಮೆಚ್ಚುವ ಬದಲು ಒಳಗೆ ನಿಂತು ನುಡಿಸುವ ಹಕ್ಕು ಅದಕ್ಕೆ ಸಿಗುತ್ತದೆ. ಮುಂದೆ ಯಾವ ಉದ್ಯೋಗಕ್ಕೆ ಹೋದರೂ ಈ ಎರಡೂ ಉಳಿಯುತ್ತವೆ. ಇವು ಸಿಗುವುದು ನಾದವನ್ನು ಮೊದಲಿಟ್ಟು ಕಲಿತಾಗಲೇ. ಬೆರಳು ನೆನಪಿಟ್ಟುಕೊಂಡು ಹಾಡು ಮುಗಿಸುವ ಕಲಿಕೆಯಲ್ಲಿ ಕೇಳಿಸಿಕೊಳ್ಳುವ ಕೆಲಸವೇ ನಡೆಯುವುದಿಲ್ಲ.

ಆದ್ದರಿಂದ ಪ್ರಗತಿಯನ್ನು ಅಳೆಯುವ ಪ್ರಶ್ನೆಗಳನ್ನು ಬದಲಿಸಿಕೊಳ್ಳಿ. ಮೂರು ತಿಂಗಳಿಗೆ: ತಂಬೂರದ ಎದುರು ಒಂದು ಸ್ವರವನ್ನು ಎಂಟು ಎಣಿಕೆ ಅಲುಗದಂತೆ ಹಿಡಿಯುತ್ತದೆಯೇ? ಆರು ತಿಂಗಳಿಗೆ: ನುಡಿಸುವ ಸಾಲನ್ನು ಹಾಡಿ ತೋರಿಸುತ್ತದೆಯೇ? ವರ್ಷಕ್ಕೆ: ತನ್ನ ಶ್ರುತಿ ತಪ್ಪಿದ್ದು ಯಾರೂ ಹೇಳುವ ಮೊದಲು ತಾನೇ ಕಂಡುಕೊಳ್ಳುತ್ತದೆಯೇ? ಮೂರಕ್ಕೂ ಹೌದು ಎಂದಾದರೆ ಎರಡೇ ಹಾಡು ಬಂದಿದ್ದರೂ ನಿಮ್ಮ ಮಗು ಸರಿಯಾದ ದಾರಿಯಲ್ಲಿದೆ, ಮೇಷ್ಟ್ರನ್ನು ಬಿಡಬೇಡಿ. ಇಲ್ಲ ಎಂದಾದರೆ ಇಪ್ಪತ್ತು ಹಾಡು ಬಂದಿದ್ದರೂ ಉದ್ದ ಸ್ವರಕ್ಕೆ ಹಿಂತಿರುಗಿ. ಹಾಗೆ ಹಿಂತಿರುಗಲು ಯಾವ ವಯಸ್ಸಿನಲ್ಲೂ ತಡವಾಗಿರುವುದಿಲ್ಲ.